ಮುಖ ತೀರ್ಥಹಳ್ಳಿಯಲ್ಲಿ, ಹೊಟ್ಟೆ ಹೊಸನಗರದಲ್ಲಿ

ನಾನು ಬಸುರಿ ಎಂಬುದು ನನ್ನ ಗಂಡನಿಗಿಂತ ಮೊದಲು ಅಂಗನವಾಡಿ ಟೀಚರಿಗೆ ಗೊತ್ತಾಗಿತ್ತೋ ಏನೋ. ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ಒಳಗೆ ಹೋದರೆ ಸಿಗುವ ನಮ್ಮ ಮನೆಗೂ ಅಂಗನವಾಡಿಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ಬೆಳಿಗ್ಗೆ ಬಚ್ಚಲ ಹಿಂದೆ ನಾನು ವಾಂತಿ ಮಾಡುವ ಸದ್ದು ಅಲ್ಲಿನ ಮಕ್ಕಳ ಪ್ರಾರ್ಥನೆಗಿಂತ ಜೋರಾಗಿ ಕೇಳುತ್ತಿತ್ತಂತೆ. ಆದರೂ ಟೀಚರ್ ಪಾಪ, ಆಗಾಗ ಬೇಲಿಯ ಆಚೆ ನಿಂತು ನಮ್ಮ ಅತ್ತೆಯನ್ನು ಕೇಳುತ್ತಿದ್ದರು, ಮನೆಯಲ್ಲಿ ಏನಾದರೂ ವಿಶೇಷ ಉಂಟಾ ಅಂತ. ಎಂಥದೂ ಇಲ್ಲ, ಸೊಸೆಗೆ ಸ್ವಲ್ಪ ಗ್ಯಾಸ್ಟ್ರಿಕ್ಕು ಎಂದು ಅತ್ತೆ ಮುಖದ ಒಂದು ಗೆರೆಯೂ ಅಲುಗದಂತೆ ಹೇಳುತ್ತಿದ್ದರು.

ಐದು ತಿಂಗಳು ತುಂಬುವವರೆಗೆ ಹೊರಗಿನವರಿಗೆ ಹೇಳಬಾರದು ಎಂಬುದು ಆ ಮನೆಯ ಪದ್ಧತಿ. ದೃಷ್ಟಿಯಾಗುತ್ತದೆ ಎಂಬ ಹೆದರಿಕೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ನಮ್ಮ ಅಮ್ಮ ಕೊಟ್ಟ ಸರ್ಟಿಫಿಕೇಟು. ಆದರೆ ಮದುವೆಯಾಗಿ ವರ್ಷ ತುಂಬದ ಸೊಸೆಗೆ ಸಿಟ್ಟು ಬಂದರೂ ಅದನ್ನು ಪಾತ್ರೆ ತೊಳೆಯುವಾಗ ಮಾತ್ರ ತೋರಿಸಲು ಸಾಧ್ಯ. ಗಂಡ ಸಾಗರದ ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಅವರ ಹತ್ತಿರ ಹೇಳಿದರೆ, ಅಮ್ಮ ಹೇಳಿದ ಹಾಗೆ ಮಾಡು ಮಾರಾಯ್ತಿ, ನನ್ನನ್ನ ಮಧ್ಯೆ ಎಳೀಬೇಡ ಎನ್ನುತ್ತಿದ್ದರು.

ಐದು ತುಂಬಿದ ಮೇಲೆ ಅತ್ತೆಯೇ ನನ್ನನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಉಗುರು ನೋಡಿ, ರಕ್ತ ಪರೀಕ್ಷೆಗೆ ಬರೆದರು. ರಿಪೋರ್ಟು ಬಂದ ಮೇಲೆ ಅವರು ಬೈಯಲಿಲ್ಲ, ಬೈದಿದ್ದರೇ ವಾಸಿ ಇತ್ತು. ಇಷ್ಟು ತಿಂಗಳು ರಕ್ತದ ಮಾತ್ರೆ ಯಾಕೆ ತಗೊಂಡಿಲ್ಲ, ಎಲ್ಲೂ ಹೆಸರು ಯಾಕೆ ಬರೆಸಿಲ್ಲ ಎಂದು ಮೆತ್ತಗೆ ಕೇಳಿದರು. ರಕ್ತ ತುಂಬಾ ಕಮ್ಮಿ ಇದೆ, ಹೀಗೇ ಇದ್ದರೆ ಹೆರಿಗೆ ಇಲ್ಲಿ ಆಗುವುದಿಲ್ಲ, ಶಿವಮೊಗ್ಗಕ್ಕೆ ಹೋಗಿ ರಕ್ತ ಹಾಕಿಸಿಕೊಳ್ಳಬೇಕಾಗುತ್ತದೆ, ಮಗುವಿಗೂ ಒಳ್ಳೆಯದಲ್ಲ ಎಂದರು. ಮಾತ್ರೆಯ ಜೊತೆಗೆ ಹೊಟ್ಟೆಗೆ ಸರಿಯಾಗಿ ಬೀಳಬೇಕು ಅಂತಲೂ ಹೇಳಿದರು. ಅತ್ತೆ ನೆಲದ ಟೈಲ್ಸ್ ನೋಡುತ್ತಾ ನಿಂತಿದ್ದರು.

ಬಸ್ಸಿನಿಂದ ಇಳಿದವರು ಮನೆಯ ದಾರಿ ಹಿಡಿಯದೆ ನೆಟ್ಟಗೆ ಅಂಗನವಾಡಿಯ ಒಳಗೆ ಹೋದರು. ಹಿಂದೆ ನಾನು. ಟೀಚರ್ ಮಕ್ಕಳಿಗೆ ಬಡಿಸುತ್ತಿದ್ದರು.

"ನಮ್ಮನೇಲಿ ವಿಶೇಷ ಉಂಟು, ಟೀಚರ್" ಎಂದರು ಅತ್ತೆ.

ಆ ಟೀಚರ್ ದೊಡ್ಡ ಮನುಷ್ಯೆ. ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿ, ಹೌದಾ ಅಮ್ಮ, ನಂಗೆ ಗೊತ್ತೇ ಇರಲಿಲ್ಲ ನೋಡಿ, ತುಂಬಾ ಖುಷಿ ಆಯ್ತು ಅಂದುಬಿಟ್ಟರು. ಅಷ್ಟು ಚೆಂದದ ಸುಳ್ಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಅತ್ತೆಯ ಮರ್ಯಾದೆ ಉಳಿಯಿತು.

ಹೆಸರು ಬರೆಸುವುದು ಕಷ್ಟವಾಗಲಿಲ್ಲ. ತಾಯಿ ಕಾರ್ಡು, ಆಧಾರ್ ಕಾರ್ಡು, ಒಂದು ಫೋನ್ ನಂಬರು. ನನ್ನ ಸಿಮ್ಮಿಗೆ ನಮ್ಮೂರಲ್ಲಿ ನೆಟ್‌ವರ್ಕ್ ಸಿಗದ ಕಾರಣ ಗಂಡನ ನಂಬರು ಕೊಟ್ಟೆ. ಕೊನೆಗೆ ಟೀಚರ್ ಮೊಬೈಲು ಎತ್ತಿ, ಮುಖದ ಫೋಟೋ ಒಂದು ಬೇಕು, ಈಗ ಆ್ಯಪಿನಲ್ಲಿ ಹಾಗೆ ಬಂದಿದೆ ಎಂದರು. ಅತ್ತೆ ತಕ್ಷಣ ನನಗೂ ಮೊಬೈಲಿಗೂ ಮಧ್ಯೆ ಬಂದು ನಿಂತರು. ಬಸುರಿಯ ಫೋಟೋ ತೆಗೆದು ಎಲ್ಲೆಲ್ಲಿಗೋ ಕಳಿಸುವುದು ಅಂದರೇನು, ಯಾರ್ಯಾರ ಕಣ್ಣು ಬೀಳುತ್ತದೋ.

"ಹೆಸ್ರು ಬೇಕಾರೆ ಬರ್ಕಳಿ. ಮುಖ ಬ್ಯಾಡ" ಎಂದರು.

ಇಲ್ಲೇ ಕೂತು ಉಣ್ಣುವುದಕ್ಕೆ ಸದ್ಯಕ್ಕೆ ಮುಖ ಇಲ್ಲದೆಯೂ ನಡೆಯುತ್ತದೆ, ಆದರೆ ಮುಂದೆ ಎಲ್ಲಾದರೂ ತೊಡಕಾಗುತ್ತದೆ ಎಂದು ಟೀಚರ್ ಹೇಳಿ ನೋಡಿದರು. ಮುಂದಿನದು ಮುಂದೆ ಎಂದರು ಅತ್ತೆ. ನಾನು ಬಾಯಿ ಬಿಡಲಿಲ್ಲ. ಆವತ್ತು ನನಗೆ ಹಸಿವಾಗಿತ್ತು, ಸಾಂಬಾರಿನ ವಾಸನೆ ಚೆನ್ನಾಗಿತ್ತು.

ಮರುದಿನದಿಂದ ಮಧ್ಯಾಹ್ನದ ಊಟ ಅಲ್ಲೇ. ಅನ್ನ, ಸೊಪ್ಪು ಹಾಕಿದ ಸಾಂಬಾರ್, ಒಂದು ಪಲ್ಯ, ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಕೈಗೊಂದು ಶೇಂಗಾ ಚಿಕ್ಕಿ. ನಮ್ಮ ಮನೆಯಲ್ಲಿ ಊಟಕ್ಕೆ ಬರಗಾಲವಿತ್ತೆಂದು ಯಾರೂ ತಿಳಿಯಬಾರದು. ಅಕ್ಕಿ ಇತ್ತು, ಕೋಳಿ ಇತ್ತು, ಮೊಟ್ಟೆಯೂ ಇತ್ತು. ಆದರೆ ಆ ಮನೆಯಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಮುಗಿದ ಮೇಲೆ, ಒಬ್ಬಳೇ, ಒಲೆಯ ಪಕ್ಕ ಕೂತು. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ಒಗ್ಗರಣೆಯ ಸಾಸಿವೆ ಉಳಿದಿರುತ್ತಿತ್ತು, ನನಗೆ ಹಸಿವು ಸತ್ತಿರುತ್ತಿತ್ತು. ಇದು ಯಾರೂ ಬೇಕೆಂದು ಮಾಡಿದ್ದಲ್ಲ. ಅತ್ತೆಯೂ ಸೊಸೆಯಾಗಿದ್ದಾಗ ಹಾಗೇ ಉಂಡವರು. ಅಂಗನವಾಡಿಯಲ್ಲಿ ಮಾತ್ರ ಮೊದಲ ಸೌಟು ನನ್ನ ತಟ್ಟೆಗೇ ಬೀಳುತ್ತಿತ್ತು. ಎದುರು ಇನ್ನಿಬ್ಬರು ಬಸುರಿಯರು ತಮ್ಮ ತಮ್ಮ ಅತ್ತೆಯಂದಿರ ಕತೆ ಹೇಳಿಕೊಂಡು ಉಣ್ಣುತ್ತಿದ್ದರು. ನಗುತ್ತಾ ನಗುತ್ತಾ ತಟ್ಟೆ ಖಾಲಿಯಾಗುತ್ತಿತ್ತು. ಯಾರಾದರೂ ನನ್ನನ್ನು ಕೂರಿಸಿ ಬಡಿಸಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂಬುದು ಬಡಿಸಿದ ಮೇಲೇ ನನಗೆ ತಿಳಿದದ್ದು.

ತಿಂಗಳಿಗೊಮ್ಮೆ ಅಲ್ಲಿ ಮಕ್ಕಳ ತೂಕ ನೋಡುತ್ತಿದ್ದರು. ಅದನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಮಕ್ಳೇನು ಅಡಿಕೆನಾ, ತೂಗಿ ರೇಟು ಹೇಳಕ್ಕೆ?" ಎಂದು ಬೇಲಿಯ ಈಚೆಯಿಂದ ಗೊಣಗುತ್ತಿದ್ದರು. ತೂಗಿದರೆ ಮಗು ಸೊರಗುತ್ತದೆ ಎನ್ನುವವರು ನಮ್ಮೂರಿನಲ್ಲಿ ಅತ್ತೆಯೊಬ್ಬರೇ ಅಲ್ಲ. ಟೀಚರ್ ಕೂಡ ಅದನ್ನು ತಿಳಿದು, ತಕ್ಕಡಿ ನೋಡಿ ತೂಕವನ್ನು ತಾಯಿಯ ಕಿವಿಯಲ್ಲಿ ಪಿಸುಗುಡುತ್ತಿದ್ದರು. ಗುಟ್ಟು ಹೇಳಿದ ಹಾಗೆ.

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿ, ನನ್ನನ್ನು ತವರಿಗೆ ಕಳಿಸಿದರು. ತವರು ಹೊಸನಗರ ತಾಲೂಕು, ನಿಟ್ಟೂರಿನ ಕಡೆ. ಒಮ್ಮೆ ಮಡಿಲು ತುಂಬಿಸಿಕೊಂಡು ಹೊರಟವಳು ಮಗುವಿನ ಜೊತೆಗೇ ಗಂಡನ ಮನೆಯ ಹೊಸ್ತಿಲು ತುಳಿಯಬೇಕು, ನಡುವೆ ಬರಬಾರದು. ಇದು ಎರಡೂ ಕಡೆಯವರ ಶಾಸ್ತ್ರ. ಅಪ್ಪ ತೀರಿಹೋದ ಮೇಲೆ ಅಮ್ಮ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಮೊದಲನೇ ವಾರವೇ ನನ್ನನ್ನು ಅಲ್ಲಿನ ಅಂಗನವಾಡಿಗೆ ಕರೆದುಕೊಂಡು ಹೋದಳು.

ಅಲ್ಲಿನ ಟೀಚರ್ ನನ್ನ ಆಧಾರ್ ನಂಬರ್ ಹೊಡೆದು, ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ನಿನ್ನ ಹೆಸರು ತೀರ್ಥಹಳ್ಳಿ ತಾಲೂಕಿನಲ್ಲಿ ಇದೆ, ಅಲ್ಲಿಂದ ಬಿಟ್ಟುಕೊಡಬೇಕು, ಆದರೆ ಅಲ್ಲಿ ನಿನ್ನ ಮುಖದ್ದು ಅರ್ಧಕ್ಕೇ ನಿಂತಿದೆ, ಅದು ಮುಗಿಯದೆ ಅವರಿಗೆ ಬಿಡಲು ಬರುವುದಿಲ್ಲ ಎಂದರು. ಓಟಿಪಿ ಯಾರ ಫೋನಿಗೆ ಬರುತ್ತದೆ ಎಂದು ಕೇಳಿದರು. ಗಂಡನದು, ಅವರು ಸಾಗರದಲ್ಲಿ ಎಂದೆ. ಟೀಚರಿಗೆ ನಗು ತಡೆಯಲಾಗಲಿಲ್ಲ.

"ಮುಖ ತೀರ್ಥಹಳ್ಳಿಲಿ, ಹೊಟ್ಟೆ ಹೊಸನಗರದಲ್ಲಿ, ಓಟಿಪಿ ಸಾಗರದಲ್ಲಿ. ನಿನ್ನನ್ನ ಎಲ್ಲಿ ಅಂತ ಹುಡುಕ್ಲಿ ಮಾರಾಯ್ತಿ?"

ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅಳು ಬಂತು.

ಆ ಟೀಚರ್ ನನ್ನನ್ನು ಹಾಗೇ ಕಳಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಹೆಸರು ಬರುವ ತನಕ ಇಲ್ಲೇ ಉಣ್ಣು ಎಂದು ಕೂರಿಸಿದರು. ನಾಲ್ಕಾರು ದಿನ ಉಂಡೆ. ಒಂದು ದಿನ ಕೈ ತೊಳೆಯಲು ಹಿಂದೆ ಹೋದಾಗ, ಟೀಚರೂ ಅಡುಗೆ ಮಾಡುವ ಅಕ್ಕನೂ ತಳ ಕೆರೆದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಹಂಚಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ನಾನು ಉಣ್ಣುತ್ತಿದ್ದುದು ಅವರ ಪಾಲು ಎಂದು ತಿಳಿದು ಮರುದಿನದಿಂದ ಹೋಗಲಿಲ್ಲ. ನನ್ನ ಜಂಬ ಅಂಥದ್ದು. ಅಮ್ಮ ಬೆಳಿಗ್ಗೆ ಹೋಗುವಾಗ ಗಂಜಿ, ಮೊಟ್ಟೆ, ಸೊಪ್ಪಿನ ಪಲ್ಯ ಎಲ್ಲ ಮುಚ್ಚಿಟ್ಟು ಹೋಗುತ್ತಿದ್ದಳು. ಒಬ್ಬಳೇ ಕೂತರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಮೊಟ್ಟೆಯೆಲ್ಲ ನಾಯಿಯ ಪಾಲಾಯಿತು. ಆ ನಾಯಿ ಅದೇ ಸಮಯದಲ್ಲಿ ಮೈತುಂಬಿಕೊಂಡು ಚೆನ್ನಾಗಿ ಆಯಿತು.

ಎಂಟನೇ ತಿಂಗಳಲ್ಲಿ ಮತ್ತೆ ರಕ್ತ ನೋಡಿದರು. ಗಂಡನ ಮನೆಯಲ್ಲಿದ್ದಾಗ ಏರಿದ್ದು ಮತ್ತೆ ಇಳಿದಿತ್ತು. ಅಮ್ಮ ಮಣ್ಣು ಮೆತ್ತಿದ ಕೈಯಲ್ಲೇ ಹಣೆ ಒತ್ತಿಕೊಂಡು ಜಗಲಿಯಲ್ಲಿ ಕೂತುಬಿಟ್ಟಳು. ಕೆಲಸ ಬಿಟ್ಟು ಮನೆಯಲ್ಲಿ ಇರುತ್ತೇನೆ ಎಂದಳು. ಕೆಲಸ ಬಿಟ್ಟರೆ ನಡೆಯುವುದು ಹೇಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಹೊಟ್ಟೆಯಲ್ಲಿ ಒದೆಯುತ್ತಿದ್ದ ಮಗು ಆ ಸಂಜೆ ಸುಮ್ಮನಿತ್ತು. ಬಹುಶಃ ನಿದ್ದೆ ಮಾಡಿತ್ತು, ಆದರೆ ಹೆದರಿದವಳಿಗೆ ಅದು ಹೊಳೆಯುವುದಿಲ್ಲ. ನಾನು ಅತ್ತೆಗೆ ಫೋನು ಮಾಡಿದೆ. ಮುಖ ತೋರಿಸಲು ಅಲ್ಲಿಗೇ ಬರಬೇಕಂತೆ, ಬರಬಾರದು ಅಂತೀರಿ, ಏನು ಮಾಡಲಿ ನೀವೇ ಹೇಳಿ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಬಾ" ಎಂದರು ಅತ್ತೆ. "ಮನಿಗಲ್ಲ, ಅಂಗನವಾಡಿಗೆ ಬಾ. ಅದು ಸರ್ಕಾರದ್ದು. ಗಂಡನ ಮನೆ ಅಲ್ಲ."

ಇಂಥ ತೀರ್ಪು ಹೈಕೋರ್ಟಿನಲ್ಲೂ ಸಿಗಲಿಕ್ಕಿಲ್ಲ. ತೀರ್ಥಹಳ್ಳಿ ಆಸ್ಪತ್ರೆಗೆ ಹೇಗೂ ಒಮ್ಮೆ ಹೋಗುವುದಿತ್ತು. ಪರಿಚಯದವರ ಓಮ್ನಿಯಲ್ಲಿ ನಾನೂ ಅಮ್ಮನೂ ಹೊರಟೆವು. ನಗರವೆಂಬ ಊರಿನ ಕೋಟೆ ದಾಟುವವರೆಗೂ ಅಮ್ಮ ಒಂದೇ ಸಮನೆ ಹೇಳುತ್ತಿದ್ದಳು: ಮನೆ ಕಡೆ ತಿರುಗಿ ನೋಡಬಾರದು, ಅಲ್ಲಿ ನೀರು ಕುಡಿಯಬಾರದು, ಯಾರು ಕರೆದರೂ ಬೇಲಿ ದಾಟಬಾರದು. ಆಮೇಲೆ ತಿರುವಿನಲ್ಲಿ ಅವಳಿಗೇ ತಲೆ ಸುತ್ತು ಬಂದು ಸುಮ್ಮನಾದಳು.

ಅಂಗನವಾಡಿಯ ಮುಂದೆ ಇಳಿದಾಗ ನಾನು ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡಿದ್ದೆ, ಎಡಕ್ಕೆ ಗಂಡನ ಮನೆ. ಟೀಚರ್ ಮೊಬೈಲು ಹಿಡಿದರು. ಕಣ್ಣು ಮಿಟುಕಿಸು ಎಂದಿತು ಆ್ಯಪು. ಮಿಟುಕಿಸಿದೆ. ಹೊಂದಿಕೆಯಾಗುತ್ತಿಲ್ಲ ಎಂದಿತು. ಆಧಾರಿನಲ್ಲಿರುವುದು ಪಿಯುಸಿಯಲ್ಲಿ ತೆಗೆಸಿದ ಫೋಟೋ. ಎರಡು ಜಡೆ, ಕಡ್ಡಿಯಂಥ ಮುಖ. ಈಗ ಮುಖ ಊದಿ ನನಗೇ ಕನ್ನಡಿಯಲ್ಲಿ ಪರಿಚಯ ಸಿಗುತ್ತಿರಲಿಲ್ಲ. ಜಡೆ ಹಾಕಿಸಿ ನೋಡಿದೆವು, ಬೊಟ್ಟು ತೆಗೆದು ನೋಡಿದೆವು. ಒಮ್ಮೆ ಇನ್ನೇನು ಆಯಿತು ಎನ್ನುವಾಗ ನೆಟ್‌ವರ್ಕ್ ಹೋಯಿತು. ಜಗಲಿಯಲ್ಲಿ ಸಿಗಲಿಲ್ಲ, ಹಲಸಿನ ಮರದ ಕೆಳಗೂ ಇಲ್ಲ. ಆ ಸುತ್ತಮುತ್ತ ಚೆನ್ನಾಗಿ ಸಿಗುವ ಜಾಗ ಒಂದೇ ಎಂದು ಟೀಚರಿಗೂ ಗೊತ್ತು, ನನಗೂ ಗೊತ್ತು. ಅದು ಬೇಲಿಯ ಆಚೆ, ನಮ್ಮ ಕೊಟ್ಟಿಗೆಯ ಮುಂದೆ.

ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಗ ಬೇಲಿಯ ಆಚೆಯಿಂದ ಅತ್ತೆ, ಮೊಬೈಲು ಇಲ್ಲಿ ಕೊಡಿ ಎಂದರು. ಬೆಳಗಿನಿಂದ ಅಲ್ಲೇ ನಿಂತಿದ್ದರೋ ಏನೋ. ಟೀಚರ್ ಕೊಟ್ಟರು. ನಾನು ಬೇಲಿಯ ಈಚೆ ಸಾಧ್ಯವಾದಷ್ಟು ಹತ್ತಿರ ನಿಂತೆ, ಹೊಟ್ಟೆ ಗೂಟಕ್ಕೆ ತಾಗುತ್ತಿತ್ತು. ಅತ್ತೆ ತಮ್ಮ ಅಂಗಳದಲ್ಲಿ ನಿಂತು, ಎರಡೂ ಕೈಯಲ್ಲಿ ಮೊಬೈಲನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದರು. ನನ್ನ ಮುಖ ಬೇಡ ಎಂದು ಅಡ್ಡ ನಿಂತವರೇ ಈಗ ಅದನ್ನು ಪರದೆಯ ನಡುವೆ ತರಲು ಪಾಡು ಪಡುತ್ತಿದ್ದರು.

"ಕಣ್ಣು ಮಿಟುಕ್ಸು ಅಂತದೆ. ಮಿಟುಕ್ಸು ಹೆಣ್ಣೇ" ಎಂದರು.

ಕಣ್ಣಿನಲ್ಲಿ ನೀರು ತುಂಬಿದ್ದರಿಂದ ಮಿಟುಕಿಸುವುದು ಸುಲಭವಾಯಿತು. ಹಸಿರು ಗುರುತು ಬಂತು. ಇನ್ನು ಸಾಗರ ಬಾಕಿ. ಅತ್ತೆಯ ಫೋನಿನಿಂದ ಗಂಡನಿಗೆ ಹಚ್ಚಿದರೆ ಅವರು ಟ್ರ್ಯಾಕ್ಟರಿನ ಅಡಿಯಲ್ಲಿ ಮಲಗಿದ್ದರು, ಪಕ್ಕದವರು ಫೋನು ಹಿಡಿದು ಓದಿದರು, ಹಿಂದಿನಿಂದ ಇಂಜಿನ್ ಸದ್ದು. ಅತ್ತೆ ಒಂದೊಂದೇ ಅಂಕಿಯನ್ನು ಬೇಲಿಯ ಮೇಲಿಂದ ಕೂಗಿ ಹೇಳಿದರು. ಟೀಚರ್ ಇನ್ನೊಂದು ಬದಿಯಿಂದ ಕೈ ಚಾಚಿ ಒತ್ತಿದರು. ಮೂರು ತಾಲೂಕು ಒಂದಾಯಿತು. ನನ್ನ ಹೆಸರು ನಿಟ್ಟೂರಿನ ಕಡೆ ಹೊರಟಿತು.

ಊಟದ ಹೊತ್ತಾಗಿತ್ತು. ಇದೊಂದು ದಿನ ಇಲ್ಲೇ ಉಂಡು ಹೋಗು ಎಂದರು ಟೀಚರ್. ಅತ್ತೆ ಬೇಲಿ ಸುತ್ತಿಕೊಂಡು ಬಂದು, ಜೀವಮಾನದಲ್ಲಿ ಮೊದಲ ಸಲ ಅಂಗನವಾಡಿಯ ಚಾಪೆಯ ಮೇಲೆ ನನ್ನ ಪಕ್ಕ ಕೂತರು. ನನ್ನ ತಟ್ಟೆಯ ಮೊಟ್ಟೆಯ ಸಿಪ್ಪೆಯನ್ನು ತಾವೇ ಸುಲಿದರು. ಸುಲಿಯುತ್ತಲೇ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದರು.

"ನಂಗೆ ಮೊದಲನೇದು ಮೂರ್ ತಿಂಗ್ಳಿಗೇ ಊರಿಗೆಲ್ಲ ಹೇಳ್ಕಂಡು ಓಡಾಡಿದ್ದೆ, ಖುಷಿ ತಡೀಲಾರ್ದೆ. ಆಮೇಲೆ ಅದು ನಿಲ್ಲಲಿಲ್ಲ. ಇಲ್ಲ ಅಂತನೂ ಊರಿಗೆಲ್ಲ ನಾನೇ ಹೇಳ್ಬೇಕಾತು. ಮನೆಮನೆಗೆ."

ನನ್ನ ಗಂಡನಿಗಿಂತ ಮೊದಲು ಒಂದು ಇತ್ತೆಂದು ಆ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅಷ್ಟು ತಿಂಗಳು ಪಾತ್ರೆಗಳ ಮೇಲೆ ತೀರಿಸಿಕೊಂಡ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಅವರು ಕೊಟ್ಟ ಮೊಟ್ಟೆಯನ್ನು ಪೂರ್ತಿ ತಿಂದೆ. ಚಿಕ್ಕಿಯಲ್ಲಿ ಅರ್ಧ ಮುರಿದು ಅವರಿಗೆ ಕೊಟ್ಟೆ. ಹಲ್ಲಿಗೆ ಆಗಲ್ಲ ಎಂದರೂ ಬಾಯಿಗೆ ಹಾಕಿಕೊಂಡರು.

ತವರಿನ ಅಂಗನವಾಡಿಯಲ್ಲಿ ಮುಂದಿನ ವಾರದಿಂದ ನನ್ನ ಪಾಲು ನನಗೆ ಬಂತು. ದಿನಾ ಹೋಗಿ ಕೂತು ಉಂಡೆ. ನಾಯಿಗೆ ನಷ್ಟವಾಯಿತು. ಡಾಕ್ಟರ್ ಕೊಟ್ಟ ಇಂಜೆಕ್ಷನ್ನೂ ಮಾತ್ರೆಯೂ ತಮ್ಮ ಕೆಲಸ ಮಾಡಿದವು, ಅದನ್ನು ಮರೆಯಬಾರದು. ಒಂಬತ್ತು ತುಂಬುವಾಗ ರಕ್ತ ಏರಿತ್ತು. ಶಿವಮೊಗ್ಗಕ್ಕೆ ಹೋಗುವ ಮಾತು ಬರಲಿಲ್ಲ, ಹೊಸನಗರದಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಸ್ವಲ್ಪ ಸಣ್ಣದಿತ್ತು, ಆದರೆ ಅಳುವುದರಲ್ಲಿ ಏನೂ ಕಮ್ಮಿ ಇರಲಿಲ್ಲ. ಬಾಣಂತಿ ಹೊರಗೆ ಹೋಗುವಂತಿಲ್ಲವಲ್ಲ, ಅಲ್ಲಿನ ಟೀಚರೇ ಅಡುಗೆಯ ಅಕ್ಕನ ಕೈಯಲ್ಲಿ ನನ್ನ ಪಾಲನ್ನು ಮನೆಗೆ ಕಳಿಸಿಕೊಡುತ್ತಿದ್ದರು. ಬಾಣಂತಿಗೆ ಆಗದ ತರಕಾರಿಯನ್ನು ಅಮ್ಮ ಆರಿಸಿ ತೆಗೆದು, ಉಳಿದದ್ದಕ್ಕೆ ಕಾಳುಮೆಣಸು ಹಾಕಿ ಕುದಿಸಿ ಕೊಡುತ್ತಿದ್ದಳು. ಟೀಚರ್, ಅಡುಗೆಯ ಅಕ್ಕ, ಆ ಇಬ್ಬರ ಋಣ ನನ್ನ ಮೇಲಿದೆ. ತೀರಿಸುವ ದಾರಿ ಗೊತ್ತಿಲ್ಲ, ಹಬ್ಬಕ್ಕೆ ತವರಿಗೆ ಹೋದಾಗ ಮಗುವನ್ನು ಎತ್ತಿಕೊಂಡು ಹೋಗಿ ತೋರಿಸಿ ಬರುತ್ತೇನೆ.

ಐದನೇ ತಿಂಗಳಲ್ಲಿ ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೊರಟೆ. ಹೊಸ್ತಿಲಲ್ಲಿ ಆರತಿ ಹಿಡಿದು ಅತ್ತೆ ನಿಂತಿರುತ್ತಾರೆ ಎಂದುಕೊಂಡಿದ್ದೆ. ಓಮ್ನಿ ನಿಂತಾಗ ಅವರು ನಿಂತಿದ್ದುದು ಅಂಗನವಾಡಿಯ ಜಗಲಿಯಲ್ಲಿ. ಅವತ್ತು ತೂಕ ನೋಡುವ ದಿನ, ಒಳಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕೂತಿದ್ದರು. ಮನೆಗೆ ಆಮೇಲೆ ಹೋಗೋಣ, ಮೊದಲು ಇಲ್ಲಿ ಎನ್ನುತ್ತಾ ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದರ ಕೆನ್ನೆಯ ಮೇಲೆ ಅಮ್ಮ ಇಟ್ಟ ದೃಷ್ಟಿಬೊಟ್ಟು ಸಾಲದೆಂದು ತಾವೊಂದನ್ನು ಹಣೆಗೆ ಇಟ್ಟರು, ಅಂಗಾಲಿಗೂ ಒಂದು ಇಟ್ಟರು. ಆಮೇಲೆ ತಾವೇ ತಕ್ಕಡಿಯಲ್ಲಿ ಮಲಗಿಸಿ ಕೈ ಬಿಟ್ಟರು.

ಟೀಚರ್ ಬಗ್ಗಿ ನೋಡಿದರು. ಅಭ್ಯಾಸದಂತೆ ನನ್ನ ಕಿವಿಯ ಹತ್ತಿರ ಬಂದರು.

"ಕಿವೀಲಿ ಬ್ಯಾಡ" ಎಂದರು ಅತ್ತೆ. "ಜೋರಾಗಿ ಹೇಳಿ ಟೀಚರ್, ಎಲ್ರಿಗೂ ಕೇಳ್ಲಿ."

ಟೀಚರ್ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಆರೂವರೆ ಕೆಜಿ ಎಂದು ಗಟ್ಟಿಯಾಗಿ ಹೇಳಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಳು, ಚೆನ್ನಾಗಿದೆ ಮಗು ಎಂದಳು. ಅತ್ತೆ ದೃಷ್ಟಿಯ ಮಾತೆತ್ತಲಿಲ್ಲ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಆರೂವರೆಯಂತೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಮನೆಗೆ ನಡೆದರು.